ಮುಗಿಲೊಳಗಿನ ಮದ್ಯಸಾರ

ಮಾರತ್ತಹಳ್ಳಿಯ ನಮ್ಮ ಮನೆಯ ಮಹಡಿಯಿಂದ ರಾತ್ರಿ ಹತ್ತು ನಕ್ಷತ್ರ ಕಂಡರೆ ಅದೇ ಹೆಚ್ಚು. ಮಿಕ್ಕವನ್ನು ವರ್ತುಲ ರಸ್ತೆಯ ದೀಪಗಳು ನುಂಗಿವೆ. ನಾನು ಹೀಗೆ ಹಲುಬುತ್ತಿದ್ದಾಗ, ಭೌತಶಾಸ್ತ್ರ ಓದುತ್ತಿರುವ ನನ್ನ ತಂಗಿಯ ಮಗ, "ಮಾವ, ಕಗ್ಗತ್ತಲೆಯಿದ್ದರೂ ದೊಡ್ಡ ನಕ್ಷತ್ರ ಹುಟ್ಟುವುದು ಕಣ್ಣಿಗೆ ಬೀಳದು. ಅದನ್ನು ಮೆಥನಾಲಿನ ದನಿಯಿಂದ ತಿಳಿಯಬೇಕು" ಎಂದ.

ಮೆಥನಾಲ್! 1981ರಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿಯೊಳಗೆ ಬೆರೆತು ನೂರಾರು ಬಡವರನ್ನು ಕೊಂದ ವಿಷವೆಂದು ಹಿರಿಯರಿಂದ ಕೇಳಿದ್ದೆ. ಅದು ಆಕಾಶದಲ್ಲಿ ಸೂಲಗಿತ್ತಿಯ ಸುದ್ದಿ ಹೇಳುವುದೇ?

ಕಥೆ ಹಳೆಯದು. 1954ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಟೌನ್ಸರು ಶಿಷ್ಯರೊಡನೆ ಅಮೋನಿಯಾ ಅಣುಗಳಿಂದ ಸೂಕ್ಷ್ಮ ರೇಡಿಯೋ ಅಲೆಯನ್ನು ಬಲಪಡಿಸಿದರು. ಆ ಯಂತ್ರಕ್ಕೆ ಮೇಸರ್ ಎಂದು ಹೆಸರಾಯಿತು. ಮನುಷ್ಯನ ಜಾಣ್ಮೆಯೆಂದು ಎಣಿಸಿದ್ದಾಯಿತು. 1965ರಲ್ಲಿ ಬರ್ಕ್ಲಿಯ ಖಗೋಳಜ್ಞರಿಗೆ ಮುಗಿಲುಗಳಿಂದ ಗುರುತು ಸಿಗದ ದನಿ ಬಂದಿತು. ಅವರು ಅದನ್ನು 'ಮಿಸ್ಟೀರಿಯಂ' ಎಂದು ಕರೆದರು. ಅರ್ಥವಾಗದ್ದಕ್ಕೆ ಮೊದಲು ಹೆಸರಿಡುವ ಚಟ ನಮ್ಮ ಭಾಷಾ ಪಂಡಿತರಿಗೆ ಮಾತ್ರವಲ್ಲ! ಅದು ಹೈಡ್ರಾಕ್ಸಿಲ್ ಅಣುವಿನದು. ಪ್ರಕೃತಿ ತಾನೇ ಮೇಸರ್ ನಡೆಸುತ್ತಿತ್ತು.

1971ರಲ್ಲಿ ಒರಾಯನ್ ಮುಗಿಲಿನಲ್ಲಿ ಮೆಥನಾಲಿನ ಮೇಸರ್ ಸಿಕ್ಕಿತು. ಆದರೆ ಅದರ ಅತಿ ಪ್ರಬಲವಾದ ದನಿ, ಸುಮಾರು 4.5 ಸೆಂಟಿಮೀಟರ್ ಅಲೆಯದು, ಇನ್ನೂ 20 ವರ್ಷ ಯಾರ ಕಿವಿಗೂ ಬೀಳಲಿಲ್ಲ. 1991ರಲ್ಲಿ ಕಾರ್ಲ್ ಮೆಂಟೆನ್ ಅದನ್ನು ಹಿಡಿದರು.

ಸೂರ್ಯನ ಎಂಟು ಪಾಲಿಗೂ ಮಿಕ್ಕ ತೂಕದ ನಕ್ಷತ್ರಗಳು ವಿರಳ, ದೂರದವು. ದಟ್ಟ ಧೂಳಿನ ಬಸಿರಿನಲ್ಲೇ ಬೇಗ ಬೇಗ ಬೆಳೆಯುತ್ತವೆ, ಬೆಳಕು ಹೊರಬರದು. ಶಿಶುವಿನ ಶಾಖದಿಂದ ಬೆಚ್ಚಗಾದ ಧೂಳು ಅವಕೆಂಪು ಕಿರಣ ಸೂಸುತ್ತದೆ. ಅದು ಸುತ್ತಲಿನ ಮೆಥನಾಲ್ ಅಣುಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸುತ್ತದೆ. ಅವು ಇಳಿಯುವಾಗ ಒಂದರ ಅಲೆ ಮತ್ತೊಂದರದನ್ನು ಹೆಚ್ಚಿಸುತ್ತದೆ. ಈ ರೇಡಿಯೋ ಅಲೆಗೆ ಧೂಳು ಅಡ್ಡಿಯಲ್ಲ. ಸೂರ್ಯನಂಥ ಸಣ್ಣ ನಕ್ಷತ್ರಗಳ ತೊಟ್ಟಿಲಲ್ಲಿ ಈ ದನಿ ಕೇಳಿಬಂದಿಲ್ಲವೆಂಬುದೇ ಇದರ ಬೆಲೆ. ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕ 2006ರಿಂದ ನಡೆಸಿದ ಶೋಧದಲ್ಲಿ ಇಂಥ ತಾಣಗಳು ಸಾವಿರದ ಹತ್ತಿರ ಸಿಕ್ಕವು.

ನಮ್ಮ ಊರೂ ಸುಮ್ಮನಿರಲಿಲ್ಲ. ಸದಾಶಿವನಗರದಲ್ಲಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯದ ಆವರಣದಲ್ಲಿ, 10.4 ಮೀಟರಿನ ಬೋಗುಣಿಯೊಂದು ಮೇಸರುಗಳನ್ನು ಆಲಿಸಿತು. ಆದರೆ ಅದು ಕೇಳಿದ್ದು ಸಿಲಿಕಾನ್ ಮೊನಾಕ್ಸೈಡಿನ ದನಿ. ಮುಪ್ಪಾದ ನಕ್ಷತ್ರಗಳ ಸುತ್ತ ಏಳುವಂಥದು.

"ಹಾಗಾದರೆ ನಮ್ಮೂರು ಮುದುಕರ ಉಸಿರು ಕೇಳಿತು, ಕೂಸಿನ ಅಳುವನ್ನಲ್ಲ" ಎಂದೆ. ಹುಡುಗ ನಕ್ಕು, ಮಹಡಿಯ ದೀಪ ಆರಿಸಿದ.