ಹಿಮಗಾಯದ ಚಿಕಿತ್ಸೆ: ಇನ್ನೂರು ವರ್ಷಗಳ ಪಾಠ

ಡೆಂಗ್ಯೂ ಜ್ವರ ಬಂದಾಗ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದು ಕೇಳದ ಮನೆಯಿಲ್ಲ. ಅದು ತೀರಾ ಕಡಿಮೆಯಾದರೆ ರಕ್ತಸ್ರಾವದ ಭಯ. ಆದರೆ ಗಾಯಕ್ಕೆ ಮುಚ್ಚಳವಾಗಿ ಜೀವ ಉಳಿಸುವ ಈ ಕಣಗಳೇ ಹಿಮಗಾಯದಲ್ಲಿ ಬೆರಳುಗಳ ನಷ್ಟಕ್ಕೂ ಕಾರಣವಾಗುತ್ತವೆ. ಇದನ್ನು ಅರಿಯಲು ವೈದ್ಯಲೋಕಕ್ಕೆ ಬಹುಕಾಲ ಬೇಕಾಯಿತು.

1812ರಲ್ಲಿ ನೆಪೋಲಿಯನ್‌ನ ಸೇನೆ ಮಾಸ್ಕೋದಿಂದ ಹಿಮ್ಮೆಟ್ಟುವಾಗ ಅಸಂಖ್ಯ ಸೈನಿಕರ ಕೈಕಾಲುಗಳು ಹೆಪ್ಪುಗಟ್ಟಿದವು. ಬೆಂಕಿಯೆದುರು ಕಾಯಿಸಿಕೊಂಡವರ ಅಂಗಗಳು ಕೊಳೆಯುವುದನ್ನು ಸೇನಾ ಶಸ್ತ್ರವೈದ್ಯ ಲಾರೆ ಕಂಡರು. ಸ್ಪರ್ಶಜ್ಞಾನವಿಲ್ಲದ ಕಾಲು ಸುಟ್ಟರೂ ತಿಳಿಯುತ್ತಿರಲಿಲ್ಲ. ಕರಗಿದ ಅಂಗ ಮರುದಿನದ ನಡಿಗೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ಅವರು ಕಂಡದ್ದು ಸರಿ. ಆದರೆ ಹಿಮದಿಂದಲೇ ಉಜ್ಜಬೇಕೆಂಬ ಅವರ ಸಲಹೆ ತಪ್ಪಾಗಿತ್ತು. ದೊಡ್ಡವರ ಮಾತೆಂದು ಜಗತ್ತು ಅದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಪಾಲಿಸಿತು. 1960ರ ದಶಕದ ಆರಂಭದಲ್ಲಿ ಅಲಾಸ್ಕದ ವೈದ್ಯ ವಿಲಿಯಂ ಮಿಲ್ಸ್ ಬೆಚ್ಚನೆಯ ನೀರಿನಲ್ಲಿ ಬೇಗನೆ ಕರಗಿಸುವುದೇ ಲೇಸೆಂದು ತೋರಿಸಿದರು.

ಕರಗಿದ ನಂತರವೂ ಬೆರಳುಗಳೇಕೆ ಸಾಯುತ್ತವೆ? ಪ್ಲೇಟ್‌ಲೆಟ್‌ಗಳ ಕೆಲಸವನ್ನು ಇಟಲಿಯ ಬಿಜ್ಜೊಜೆರೊ 1882ರಲ್ಲೇ ವಿವರಿಸಿದ್ದರು. ಶೀತದಿಂದ ರಕ್ತನಾಳದ ಒಳಪದರ ಹಾಳಾಗಿರುತ್ತದೆ. ರಕ್ತ ಮರಳಿ ಹರಿದಾಗ ಪ್ಲೇಟ್‌ಲೆಟ್‌ಗಳು ಅಲ್ಲಿ ಗಾಯವಿದೆಯೆಂದು ಅಂಟಿಕೊಂಡು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ನಾಳವನ್ನು ಕುಗ್ಗಿಸಿ ಇನ್ನಷ್ಟು ಕಣಗಳನ್ನು ಸೇರಿಸುತ್ತದೆ. ರಕ್ತದ ದಾರಿ ಮುಚ್ಚಿಹೋಗುತ್ತದೆ. 1981ರಲ್ಲಿ ಹಿಮಗಾಯದ ಬೊಬ್ಬೆಗಳ ನೀರಿನಲ್ಲೇ ಇದರ ಕುರುಹು ಸಿಕ್ಕಿತು.

ಇದಕ್ಕೆ ಎದುರಾದ ಪ್ರೋಸ್ಟಾಸೈಕ್ಲಿನ್ ನಮ್ಮ ರಕ್ತನಾಳಗಳಲ್ಲೇ ಇದೆಯೆಂದು 1976ರಲ್ಲಿ ಗೊತ್ತಾಗಿತ್ತು. ಅದನ್ನು ಹೋಲುವ ಔಷಧಿ ಐಲೊಪ್ರಾಸ್ಟ್. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಆಸ್ಪಿರಿನ್ ಜೊತೆ ಇದನ್ನು ಪಡೆದ 16 ಮಂದಿಯಲ್ಲಿ ಯಾರ ಬೆರಳನ್ನೂ ಕತ್ತರಿಸಬೇಕಾಗಲಿಲ್ಲ. 2024ರಲ್ಲಿ ತೀವ್ರ ಹಿಮಗಾಯಕ್ಕೆ ಅಮೆರಿಕ ಇದಕ್ಕೆ ಮಾನ್ಯತೆ ನೀಡಿತು.

ಭಾರತೀಯ ಯೋಧರು 1984ರಿಂದ ಸಿಯಾಚಿನ್ ಕಾಯುತ್ತಿದ್ದಾರೆ. ನಮ್ಮ ಯುವಕರೂ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಅವರು ನೆನಪಿಡಬೇಕಾದದ್ದು ಇಷ್ಟೇ: ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಅಪಾಯವಿಲ್ಲದ ಕಡೆ ತಲುಪಿದ ಮೇಲೆ 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದ್ದಿ, ತಡಮಾಡದೆ ಆಸ್ಪತ್ರೆ ಸೇರಿ. ಎಷ್ಟು ದೊಡ್ಡವರು ಹೇಳಿದ ಮಾತಾದರೂ ಪರೀಕ್ಷಿಸಿ ನೋಡಬೇಕು. ಹಾಗೆ ನೋಡದ ಒಂದು ಶತಮಾನಕ್ಕೆ ಬೆಲೆ ತೆತ್ತವರು ಸಾಮಾನ್ಯ ಸೈನಿಕರು.