ಉಪ್ಪುಗಾಳಿ, ಸಿಡಿಲು, ವೈರಸ್: ಕಡಲ ತಡಿಯಲ್ಲಿ ಕಂಪ್ಯೂಟರಿನ ರಕ್ಷಣೆ

ಕಂಪ್ಯೂಟರಿನ ರಕ್ಷಣೆ ಎಂದೊಡನೆ ಎಲ್ಲರ ಬಾಯಿಗೆ ಬರುವುದು ಆ್ಯಂಟಿವೈರಸ್. ಇದರ ಚರಿತ್ರೆ ಬರೆಯುವವರೂ ಮೊದಲ ವೈರಸ್ಸಿನಿಂದಲೇ ಶುರುಮಾಡುತ್ತಾರೆ. ಉಳ್ಳಾಲದಲ್ಲಿ ನಿಂತು ನೋಡಿದರೆ ಆ ಕ್ರಮ ಸರಿಯೆನಿಸುವುದಿಲ್ಲ. ಪಡುವಣಕ್ಕೆ ಅರಬ್ಬಿ ಸಮುದ್ರ, ಬಡಗಣಕ್ಕೆ ನೇತ್ರಾವತಿ ಇರುವ ಈ ಊರಿನಲ್ಲಿ ಯಂತ್ರಕ್ಕೆ ಮೊದಲ ಶತ್ರು ಗಾಳಿಯೇ. ಮಳೆಗಾಲದಲ್ಲಿ ಮೊಗವೀರಪಟ್ಣ, ಸೋಮೇಶ್ವರ, ಉಚ್ಚಿಲದ ಮನೆಗಳೊಳಗೆ ನುಗ್ಗುವ ಗಾಳಿ ತೇವದ ಜೊತೆಗೆ ಉಪ್ಪಿನ ಕಣಗಳನ್ನೂ ತರುತ್ತದೆ. ಕ್ಯಾಬಿನೆಟ್ಟಿನ ಫ್ಯಾನು ಅದನ್ನೆಳೆದು ಒಳಗಿನ ಧೂಳಿನ ಮೇಲೆ ಕೂರಿಸುತ್ತದೆ. ಉಪ್ಪು ತೇವ ಹೀರಿಕೊಂಡಾಗ ಒಣ ಧೂಳು ಕರೆಂಟು ಹರಿಯಬಲ್ಲ ಪಸೆಯಾಗುತ್ತದೆ. ಮದರ್‌ಬೋರ್ಡಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಯಂತ್ರ ಬರೀ ಬೀಪ್ ಎನ್ನುತ್ತಾ ನಿಂತಾಗ ರಿಪೇರಿಯವರು ರ್‍ಯಾಮ್ ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸುತ್ತಾರೆ. ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಆದರೆ ಆ ಉಜ್ಜಾಟ ಮೇಲಿನ ತೆಳು ಚಿನ್ನದ ಲೇಪವನ್ನೂ ಸವೆಸುವುದರಿಂದ ಅದು ಪದೇ ಪದೇ ಮಾಡುವ ಮದ್ದಲ್ಲ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವ ಬದಲು ದಿನಕ್ಕೊಮ್ಮೆ ಹಾಕಿ ಬಿಸಿಯಾಗಲು ಬಿಡುವುದು ಇದಕ್ಕಿಂತ ಮೇಲು.

ಎರಡನೆಯದು ಸಿಡಿಲು. ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್–ನವೆಂಬರಿನಲ್ಲಿ ಇನ್ನೊಮ್ಮೆ ಕರಾವಳಿಯಲ್ಲಿ ಗುಡುಗು ಜೋರು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ದಿನಗಳಲ್ಲಿ, ಪವರ್ ಪ್ಲಗ್ ಕಿತ್ತಿಟ್ಟು ನಿಶ್ಚಿಂತರಾದವರ ಯಂತ್ರವೂ ಸುಡುತ್ತಿತ್ತು. ಎಲ್ಲೋ ದೂರದ ಕಂಬದ ಹತ್ತಿರ ಬಡಿದ ಸಿಡಿಲು ತಂತಿ ಹಿಡಿದು ಮೋಡೆಮ್‌ಗೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಇಳಿಯುತ್ತಿತ್ತು. ಗಾಜಿನ ಫೈಬರ್ ಬಂದು ಆ ದಾರಿ ಮುಚ್ಚಿತು. ಕರೆಂಟಿನ ದಾರಿ ಇಂದಿಗೂ ತೆರೆದೇ ಇದೆ. ಸರ್ಜ್ ತಡೆಯುವ ಪ್ಲಗ್‌ಬೋರ್ಡು ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹಾಯಿಸಲು ಅರ್ತಿಂಗ್ ಗಟ್ಟಿಯಿರಬೇಕು. ಕರಾವಳಿಯ ಮುರಕಲ್ಲು ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಮೊದಲ ಗುಡುಗು ಬರುವುದೂ ಅದೇ ಹೊತ್ತಿಗೆ.

ಇನ್ನು ವೈರಸ್ಸು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿತು. 1999ರ ಏಪ್ರಿಲ್ 26ರಂದು ಸಿಡಿದೆದ್ದ ‘ಸಿಐಎಚ್’ ಡಿಸ್ಕನ್ನು ಅಳಿಸಿದ್ದಲ್ಲದೆ ಯಂತ್ರವನ್ನು ಚಾಲೂ ಮಾಡುವ ಬಯಾಸ್ ಚಿಪ್ಪಿನ ಬರಹವನ್ನೂ ಕೆಡಿಸಿ, ಬೋರ್ಡೇ ಸತ್ತಂತೆ ಮಾಡಿತು. ಸಿಡಿಲು ಮಾಡುವ ಕೆಲಸವನ್ನು ಒಂದು ಪ್ರೋಗ್ರಾಮು ಮಾಡಿತ್ತು. ಮುಂದಿನ ವರ್ಷ ಮನಿಲಾದಿಂದ ಹೊರಟ ‘ಐ ಲವ್ ಯೂ’ ಇಮೇಲಿನ ಬೆನ್ನೇರಿತು. ಆಮೇಲೆ ಪೆನ್‌ಡ್ರೈವ್ ಕಾಲ. ಜೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ರಿಪೋರ್ಟ್ ಒಯ್ದ ವಿದ್ಯಾರ್ಥಿ ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ಪೆನ್‌ಡ್ರೈವ್ ಚುಚ್ಚಿದೊಡನೆ ತಾನೇ ಓಡುವ ಆಟೊರನ್ ಸೌಲಭ್ಯವನ್ನು ಹಳೆಯ ವಿಂಡೋಸ್‌ಗಳಲ್ಲೂ ಮೈಕ್ರೋಸಾಫ್ಟ್ ಅಪ್‌ಡೇಟ್ ಮೂಲಕ ಕಟ್ಟಿಹಾಕಿದ್ದು 2011ರಲ್ಲಿ. 2017ರ ಮೇ 12ರಂದು ‘ವನ್ನಾಕ್ರೈ’ ಕಡತಗಳಿಗೆ ಬೀಗ ಜಡಿದು 300 ಡಾಲರ್ ಒತ್ತೆಹಣ ಕೇಳಿತು. ಅದು ನುಗ್ಗಿದ ಬಿರುಕಿಗೆ ತೇಪೆ ಮಾರ್ಚ್ 14ರಂದೇ ಬಂದಿತ್ತು. ಹಾಕಿಕೊಳ್ಳದೆ ಇದ್ದವರು ಸಿಕ್ಕಿಬಿದ್ದರು.

ಗಾಳಿ-ಸಿಡಿಲಿನದು, ವೈರಸ್ಸಿನದು ಎಂಬ ಈ ಎರಡು ಚರಿತ್ರೆಗಳನ್ನು ಒಟ್ಟಿಗಿಟ್ಟು ಓದಿದಾಗಲೇ ನಾನು ಹೇಳಬೇಕೆಂದಿರುವುದು ಕಾಣುತ್ತದೆ. ದಾಳಿ ಬರುವ ದಾರಿ ಕೆಲವು ವರ್ಷಗಳಿಗೊಮ್ಮೆ ಬದಲಾಗಿದೆ, ಹಾಗಾಗಿ ತಡೆಯೂ ಹಳತಾಗಿದೆ. ಕಿಲುಬು, ಸಿಡಿಲು, ಸಿಐಎಚ್, ವನ್ನಾಕ್ರೈ ನಾಲ್ಕರ ಎದುರೂ ಉಳಿದದ್ದು ಯಂತ್ರದಿಂದ ಬೇರ್ಪಡಿಸಿಟ್ಟ ಕಡತಗಳ ಪ್ರತಿ (ಬ್ಯಾಕಪ್) ಮಾತ್ರ. ಹಾಗಾದರೆ ಆ್ಯಂಟಿವೈರಸ್ ದಂಡವೇ ಎಂದು ಕೇಳಬಹುದು. ಅಲ್ಲ. 2012ರ ವಿಂಡೋಸ್ 8ರಿಂದ ಅದು ವಿಂಡೋಸಿನೊಳಗೇ ಬರುತ್ತದೆ. ಅದನ್ನು ಆಫ್ ಮಾಡದೆ, ಅಪ್‌ಡೇಟ್ ತಪ್ಪಿಸದೆ ಇದ್ದರೆ ಮನೆಬಳಕೆಗೆ ಬಹುಮಟ್ಟಿಗೆ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿರುವುದರಿಂದ ಅದರಲ್ಲೇ ಇರುವವರು ಎಚ್ಚರವಾಗಿರಬೇಕು. ಪ್ರತಿ ಇದ್ದರೂ ಫೋನಿನಲ್ಲಿ ಒಟಿಪಿ ಕೇಳಿ ಖಾತೆ ಬರಿದು ಮಾಡುವವನನ್ನು ತಡೆಯಲಾಗದು ಎಂಬ ಮಾತೂ ನಿಜ. ಅದು ಹಣದ ಕಳವು, ಅದಕ್ಕೆ ಮದ್ದು ಬೇರೆ: ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.

ಗಟ್ಟಿ ಆಕ್ಷೇಪ ಇನ್ನೊಂದಿದೆ: ಎಲ್ಲವೂ ಕ್ಲೌಡ್‌ನಲ್ಲಿರುವಾಗ ಪ್ರತಿಯ ಗೊಡವೆ ಯಾಕೆ? ಯಂತ್ರದ ಜೊತೆ ಸಿಂಕ್ ಆಗುವ ಕ್ಲೌಡ್ ಫೋಲ್ಡರ್ ಇಲ್ಲಿ ಕೆಟ್ಟದ್ದನ್ನು ಅಲ್ಲೂ ಕೆಡಿಸುತ್ತದೆ. ಹಳೆಯ ಆವೃತ್ತಿಗಳು ಸಿಗುತ್ತವಾದರೂ ಅವುಗಳಿಗೆ ಅವಧಿಯುಂಟು. ಪಾಸ್‌ವರ್ಡ್ ಪರರ ಪಾಲಾದರೆ ಅದೂ ಇಲ್ಲ. ಅದಕ್ಕೇ ಕ್ಲೌಡ್ ಇರಲಿ, ಜೊತೆಗೊಂದು ಹೊರಗಿನ ಹಾರ್ಡ್‌ಡಿಸ್ಕೂ ಇರಲಿ. ಪ್ರತಿ ತೆಗೆದ ಕೂಡಲೇ ಕೇಬಲ್ ಕಿತ್ತು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಕಡಲ ಬದಿಯ ಮನೆಯವರಿಗೆ ದೇರಳಕಟ್ಟೆಯಲ್ಲೋ ಕೊಣಾಜೆಯಲ್ಲೋ ನೆಂಟರಿದ್ದರೆ ಆ ಡಬ್ಬಿ ಅವರ ಮನೆಯ ಕಪಾಟಿನಲ್ಲಿರುವುದೇ ಲೇಸು. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಅದನ್ನು ತರಿಸಿ ಹೊಸ ಕಡತಗಳನ್ನು ಸೇರಿಸುವಾಗ ಹಳೆಯ ನಾಲ್ಕಾರು ಫೋಟೊಗಳನ್ನು, ಮನೆಯ ಪಹಣಿಯ ಸ್ಕ್ಯಾನನ್ನು ತೆರೆದು ನೋಡಿಕೊಳ್ಳಬೇಕು.