ಕಡಲ ಶೋಧದಲ್ಲಿ ಸ್ವಯಂಚಾಲಿತ ಜಲಾಂತರ ರೋಬಾಟ್‌ಗಳು

ಹಡಗಿನಿಂದ ಕೇಬಲ್ ಎಳೆಯದೆ, ಮೊದಲೇ ತುಂಬಿಸಿದ ಆದೇಶದಂತೆ ಬ್ಯಾಟರಿ ಬಲದಿಂದ ನೀರಿನೊಳಗೆ ತಾವಾಗಿ ಸಂಚರಿಸುವ ಯಂತ್ರಗಳು; ಬಳಕೆಯ ಹೆಸರು ಎಯುವಿ. ರೇಡಿಯೊ ಮತ್ತು ಜಿಪಿಎಸ್ ಸಂಕೇತಗಳು ಸಮುದ್ರದ ಆಳಕ್ಕೆ ಇಳಿಯವು. ಆದ್ದರಿಂದ ಸೋನಾರ್‌ನಲ್ಲಿ ಸೆರೆಯಾದ ತಳದ ವಿವರವಾದ ಚಿತ್ರ ಸಾಮಾನ್ಯವಾಗಿ ಯಂತ್ರವನ್ನು ಮೇಲೆತ್ತಿದ ನಂತರವೇ ನೋಡಸಿಗುತ್ತದೆ. ಈ ನಿಧಾನಗತಿಯಿಂದಾಗಿ ಇವುಗಳ ಚರಿತ್ರೆ ಬಹುಮಟ್ಟಿಗೆ ಶೋಧದ್ದು, ರಕ್ಷಣೆಯದಲ್ಲ.

ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1957ರಲ್ಲಿ ಆರಂಭವಾದ 'ಸ್ಪರ್ವ್' ಈ ಬಗೆಯ ಮೊದಲ ಯಂತ್ರ. ಅದರ ಕೆಲಸ ಸಾಗರ ಸಂಶೋಧನೆಯಾಗಿತ್ತು.

ಎಯುವಿಗೆ ಹೆಸರು ತಂದದ್ದು ಏರ್ ಫ್ರಾನ್ಸ್ 447. ರಿಯೊದಿಂದ ಪ್ಯಾರಿಸ್‌ಗೆ ಹೊರಟ ಈ ವಿಮಾನ 2009ರ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಕಪ್ಪುಪೆಟ್ಟಿಗೆಯ ಬೀಕನ್ ಸದ್ದು ಕೇಳಿಬಾರದ ಜಾಗಗಳನ್ನು ಮೊದಮೊದಲು ಪಟ್ಟಿಯಿಂದ ಬಿಟ್ಟಿದ್ದರು. ಬೀಕನ್‌ಗಳೇ ಕೆಟ್ಟಿರಬಹುದೆಂಬ ಸಾಧ್ಯತೆಯನ್ನೂ ಸೇರಿಸಿ ಗಣಿತಜ್ಞರು ಹೊಸದಾಗಿ ಲೆಕ್ಕ ಹಾಕಿದಾಗ, ವಿಮಾನದ ಕೊನೆಯ ನೆಲೆಯ ಆಸುಪಾಸೇ ಮತ್ತೆ ಮುಂದೆ ಬಂತು. ವುಡ್ಸ್ ಹೋಲ್ ಸಂಸ್ಥೆ ನಡೆಸುತ್ತಿದ್ದ ರೀಮಸ್ 6000 ಯಂತ್ರಗಳು ಹೊಲ ಉಳುವಂತೆ ಸಾಲು ಹಿಡಿದು ತಳವನ್ನು ಜಾಲಾಡಿದವು. 2011ರ ಏಪ್ರಿಲ್ 3ರಂದು ಸುಮಾರು 3,900 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಕಪ್ಪುಪೆಟ್ಟಿಗೆಗಳನ್ನು ಮೇ ತಿಂಗಳಲ್ಲಿ ಮೇಲೆ ತಂದದ್ದು ಮಾತ್ರ ಕೇಬಲ್ ಕಟ್ಟಿದ ಇನ್ನೊಂದು ರೋಬಾಟ್. ಬೀಕನ್ ಬಾಳಿಕೆಯನ್ನು 30 ದಿನದಿಂದ 90ಕ್ಕೆ ಏರಿಸುವ ನಿಯಮಕ್ಕೂ ಈ ದುರಂತವೇ ಪ್ರೇರಣೆ.

ಕಣ್ಮರೆಯಾದ ಮಲೇಷ್ಯಾದ ಎಂಎಚ್370 ವಿಮಾನದ ಹುಡುಕಾಟ ಎಯುವಿಯ ಮಿತಿಯನ್ನು ತೋರಿಸಿತು. 2014ರ ಏಪ್ರಿಲ್‌ನಲ್ಲಿ ಇಳಿಸಿದ ಬ್ಲೂಫಿನ್-21, ತನ್ನ 4,500 ಮೀಟರ್ ಮಿತಿಗಿಂತ ತಳ ಆಳವಾಗಿದ್ದುದರಿಂದ ಮೊದಲ ಯಾತ್ರೆಯನ್ನೇ ಅರ್ಧಕ್ಕೆ ಬಿಟ್ಟು ಮೇಲೆ ಬಂತು. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಹಲವು ಎಯುವಿಗಳನ್ನು ಒಟ್ಟಿಗೆ ಇಳಿಸಿ 1,12,000 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ ಹುಡುಕಿಯೂ ಬರಿಗೈಯಲ್ಲಿ ಮರಳಿತು. ಅದೇ ವರ್ಷ ನವೆಂಬರ್‌ನಲ್ಲಿ, 44 ಜನರೊಂದಿಗೆ ಕಣ್ಮರೆಯಾಗಿದ್ದ ಅರ್ಜೆಂಟೀನಾದ ಜಲಾಂತರ್ಗಾಮಿ ಸಾನ್ ಹುವಾನ್ ಅದೇ ಕಂಪನಿಗೆ 907 ಮೀಟರ್ ಆಳದಲ್ಲಿ ಸಿಕ್ಕಿತು.

ಕರಾವಳಿಯ ಆಳವಿಲ್ಲದ ನೀರಿನಲ್ಲಿ ಎಯುವಿ ಅನಿವಾರ್ಯವೇನಲ್ಲ. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಕಾಣೆಯಾದ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟನ್ನು 2019ರ ಮೇ ತಿಂಗಳಲ್ಲಿ ಮಾಲ್ವಣ್ ಬಳಿಯ ಕಡಲಿನಲ್ಲಿ ಪತ್ತೆಮಾಡಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು. ಬಂಗಾಳ ಕೊಲ್ಲಿಯ ಪ್ರಕರಣ ಬೇರೆ. 2016ರ ಜುಲೈ 22ರಂದು 29 ಜನರೊಂದಿಗೆ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ್ದೆಂದು ಗುರುತಿಸಲಾದ ಅವಶೇಷಗಳು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಎಯುವಿಗೆ 3,400 ಮೀಟರ್ ಆಳದಲ್ಲಿ ಸಿಕ್ಕವು. ಸರ್ಕಾರ ಅದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ.